ಕತ್ತು ನೋವಿಗೆ ಮೂರು ಥರದ ಕರೆಂಟ್: ನನ್ನ ನಾಡಿ, ಬಿಪಿ ಏನಾಯಿತು?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹದಿನೆಂಟು ವರ್ಷದಿಂದ ಜೀನ್ಸ್ ಪ್ಯಾಂಟಿಗೆ ಜೇಬು ಕೂಡಿಸುತ್ತಿದ್ದೇನೆ. ದಪ್ಪ ಬಟ್ಟೆ, ಬಗ್ಗಿದ ಕತ್ತು, ಪೀಸಿನ ಲೆಕ್ಕದ ಕೂಲಿ. ಕತ್ತಿನ ಹಿಂಬದಿಯಿಂದ ಬಲ ಹೆಗಲವರೆಗೆ ಸೆಳೆತ ಶುರುವಾಗಿ ಎರಡು ವರ್ಷವಾಯಿತು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬಂದ ಮೇಲೆ, ಕರೆಂಟ್ ಕೊಡಿಸಿಕೊಂಡು ನೋಡೋಣ ಎಂದು ಹೊರಟೆ. ಆದರೆ ನನಗೆ ಬಿಪಿ ಇದೆ. ಮನೆಯಲ್ಲಿ ಅತ್ತೆಗೆ ಪೇಸ್‌ಮೇಕರ್ ಕೂಡಿಸಿದ್ದಾರೆ. ಚರ್ಮದ ಮೇಲೆ ಕರೆಂಟ್ ಬಿಟ್ಟರೆ ಹೃದಯಕ್ಕೆ ಏನೂ ಆಗಲ್ವಾ ಅನ್ನೋ ಭಯ ಮೊದಲಿಂದಲೂ ಇತ್ತು. ಅದಕ್ಕೇ ಪ್ರತಿ ಸಲ ಕರೆಂಟಿಗೆ ಮೊದಲು ಮತ್ತು ಆಮೇಲೆ, ಐದು ನಿಮಿಷ ಸುಮ್ನೆ ಕೂತು, ಮನೆಯ ಬಿಪಿ ಮಷಿನ್‌ನಲ್ಲಿ ನೋಡಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು ಹೋಗಿದ್ದು ಫಿಸಿಯೋ ಹತ್ತಿರ, ಐಎಫ್‌ಟಿಗೆ, ಅಂದರೆ ಇಂಟರ್‌ಫೆರೆನ್ಷಿಯಲ್ ಥೆರಪಿಗೆ. ಇದರಲ್ಲಿ ಎರಡು ಕರೆಂಟ್ ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದು ಸೆಕೆಂಡಿಗೆ 4000 ಸಲ, ಇನ್ನೊಂದು 4100 ಸಲ ಅಂದುಕೊಳ್ಳಿ. ಎರಡೂ ಸೇರುವ ಜಾಗದಲ್ಲಿ ಆ 100ರ ವ್ಯತ್ಯಾಸವೇ ಮಿಡಿತವಾಗುತ್ತದೆ. ಅಷ್ಟು ವೇಗದ ಕರೆಂಟಿಗೆ ಚರ್ಮ ಜಾಸ್ತಿ ತಡೆ ಒಡ್ಡುವುದಿಲ್ಲ, ಹಾಗಾಗಿ ಚುಚ್ಚುವುದೂ ಕಡಿಮೆ. ಹಾಯಾಗಿತ್ತು, ನಿಜ. ಆದರೆ ಅಲ್ಲಿ ಬಿಸಿ ಪ್ಯಾಕನ್ನೂ ಇಡುತ್ತಿದ್ದರು. ಬಿಸಿಲಲ್ಲಿ ನಡೆದು ಹೋದಾಗ ಬಿಪಿ ಹೇಗೂ ಏರಿರುತ್ತಿತ್ತು. ಆಮೇಲೆ ಅದು ಇಳಿದಿದ್ದು ಯಾವುದರಿಂದ ಅಂತ ಹೇಳುವುದು ಹೇಗೆ? ಒಂದು ಸಲಕ್ಕೆ 250 ರೂಪಾಯಿ, ಜೊತೆಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಎಂಟು ಸಲಕ್ಕೆ ನಿಲ್ಲಿಸಿದೆ.

ಆಮೇಲೆ, ಅಂಟುವ ಪ್ಯಾಡುಗಳ ಮೂಲಕ ಚರ್ಮದ ಮೇಲಿಂದ ನರಗಳಿಗೆ ಕರೆಂಟ್ ಕೊಡುವ, ಕೈಯಲ್ಲಿ ಹಿಡಿಯುವ ಟೆನ್ಸ್ ಮಷಿನ್ ತಂದೆವು, 1,800 ರೂಪಾಯಿಗೆ. ಇದರಲ್ಲಿ ಎರಡು ದಾರಿ ಇವೆ. ಒಂದು ಬೇಗದ್ದು, ಸೆಕೆಂಡಿಗೆ ಸುಮಾರು 100 ಸಲ, ಮೆಲ್ಲಗೆ ಜುಮುಜುಮು ಅನ್ನುವಷ್ಟು. ಇನ್ನೊಂದು ನಿಧಾನದ್ದು, ಸೆಕೆಂಡಿಗೆ 2 ಸಲ, ಮಾಂಸಖಂಡ ಟಕ್ ಟಕ್ ಅಂತ ಕುಣಿಯುವಷ್ಟು ಜೋರು. ಬೇಗದ್ದು ಕೆಲಸ ಮಾಡುವ ಬಗೆಯ ಹಿಂದೆ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು 1965ರಲ್ಲಿ ಹೇಳಿದ ಬಾಗಿಲಿನ ಮಾತಿದೆ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಸ್ಪರ್ಶ ತರುವ ನರಗಳು ಅಲ್ಲಿ ತುಂಬಿಕೊಂಡರೆ ನೋವಿನ ಸುದ್ದಿ ಒಳಗೆ ಹೋಗುವುದು ಕಷ್ಟ. ಏಟು ಬಿದ್ದ ಜಾಗವನ್ನು ನಾವು ತಿಕ್ಕಿಕೊಳ್ಳುತ್ತೇವಲ್ಲ, ಹಾಗೆ.

ಬೇಗದ್ದನ್ನು ಅರ್ಧ ಗಂಟೆ ಇಟ್ಟಾಗ, ಹತ್ತು ಸಲದ ಸರಾಸರಿ ನೋಡಿದರೆ, ನಾಡಿ 84ರಿಂದ 76ಕ್ಕೆ, ಬಿಪಿ 138/88ರಿಂದ 130/84ಕ್ಕೆ ಇಳಿದಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಬಿಪಿ ಮಾತ್ರೆ ಕಮ್ಮಿ ಮಾಡಬಹುದೇನೋ ಅಂತ ಫಿಸಿಯೋಗೆ ಫೋನ್ ಮಾಡಿ ಕೇಳಿದೆ. ಅವರು, "ಮಾತ್ರೆ ಮುಟ್ಟಬೇಡಿ ಅಕ್ಕ. ಒಂದು ಕೆಲಸ ಮಾಡಿ. ಪ್ಯಾಡ್ ಹಚ್ಚಿಕೊಂಡು ಮಷಿನ್ ಆನ್ ಮಾಡದೆ ಅಷ್ಟೇ ಹೊತ್ತು ಕೂತು ನೋಡಿ" ಅಂದರು. ಹಾಗೇ ಮಾಡಿದೆ. ನಾಡಿ 77, ಬಿಪಿ 132/84. ಅಂದರೆ ಇಳಿದಿದ್ದರಲ್ಲಿ ಹೆಚ್ಚಿನದು ಸುಮ್ಮನೆ ಕೂತಿದ್ದರಿಂದ. ನೋವು ಮಾತ್ರ ಮಷಿನ್ ಆನ್ ಇದ್ದಾಗಲೇ ಕಡಿಮೆಯಾಗುತ್ತಿತ್ತು.

ನಿಧಾನದ್ದು ನನಗೆ ಒಗ್ಗಲಿಲ್ಲ. ಹೆಗಲು ಕುಣಿಯುವಾಗ ಹಲ್ಲು ಕಚ್ಚಿ ಕೂರಬೇಕು. ನಾಡಿ 85ಕ್ಕೆ, ಬಿಪಿ 142/88ಕ್ಕೆ ಏರಿದ್ದೂ ಉಂಟು. ಆದರೆ ನೋವು ಕಡಿಮೆಯಾದರೆ ಮರುದಿನ ಮಧ್ಯಾಹ್ನದವರೆಗೂ ತಾಳುತ್ತಿತ್ತು. ಬೇಗದ್ದು ಎರಡು ಗಂಟೆ ತಾಳಿದರೆ ಹೆಚ್ಚು.

ಒಂದು ಸಣ್ಣ ವಿಷಯ, ನಮ್ಮಂಥ ಕೆಲಸದವರಿಗೆ. ಪ್ಯಾಡಿನ ಅಂಟಿಗೆ ಜೀನ್ಸಿನ ನೀಲಿ ಧೂಳು ಹತ್ತಿಕೊಳ್ಳುತ್ತದೆ. ವಾರದಲ್ಲಿ ಅಂಚು ಕಪ್ಪಾಗಿ ಮೇಲೇಳುತ್ತದೆ. ಆಗ ಪೂರ್ತಿ ಪ್ಯಾಡಿನಲ್ಲಿ ಹರಡಬೇಕಾದ ಕರೆಂಟ್ ಅಂಟಿರುವ ಸ್ವಲ್ಪ ಜಾಗದಲ್ಲೇ ಇಳಿದು ಸೂಜಿಯಂತೆ ಚುಚ್ಚುತ್ತದೆ. ಕತ್ತಿನ ಬೆವರು ಒರೆಸಿ, ಚರ್ಮವನ್ನು ಸೋಪು ಹಾಕಿ ತೊಳೆದು, ಒಣಗಿದ ಮೇಲೇ ಪ್ಯಾಡ್ ಹಚ್ಚಿಕೊಳ್ಳಿ.

ಈಗ ನಿಜವಾಗಿ ಹೆದರಿದ ದಿನದ ಮಾತು. ನೋವು ಕತ್ತಿನ ಪಕ್ಕಕ್ಕೂ ಹರಡಿತ್ತು. ನಮ್ಮ ಯಜಮಾನರು ಒಂದು ಪ್ಯಾಡನ್ನು ದವಡೆಯ ಕೆಳಗೆ, ಮುಂದಕ್ಕೆ ಹಚ್ಚಿದರು. ಎರಡೇ ನಿಮಿಷ. ಕಣ್ಣು ಮಂಜಾಯಿತು, ಕೈ ತಣ್ಣಗಾಯಿತು. ಪ್ಯಾಡ್ ಕಿತ್ತು ನೋಡಿದರೆ ನಾಡಿ 58, ಬಿಪಿ 104/66. ಕಾಲು ಮೇಲೆತ್ತಿ ಮಲಗಿದ ಮೇಲೆ ಸರಿಹೋಯಿತು. ಆ ಜಾಗದಲ್ಲಿ, ಮಿದುಳಿಗೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ, ಬಿಪಿಯನ್ನು ಅಳೆಯುವ ನರದ ತುದಿಗಳಿವೆ. ಅವನ್ನು ಕೆಣಕಿದರೆ ಬಿಪಿ ಏರಿದೆ ಅಂತ ಮಿದುಳು ತಿಳಿದು ಹೃದಯದ ವೇಗ ತಗ್ಗಿಸುತ್ತದೆ. ಮಷಿನ್ ಮಾರಿದ ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಹೃದಯದ ತೊಂದರೆ ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತಲೂ ಕೇಳಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟಿನ ವಿಷಯ. ಕತ್ತಿನ ಮುಂಭಾಗಕ್ಕೆ ಯಾವ ಕರೆಂಟೂ ಬೇಡ. ಒಂದು ಪ್ಯಾಡ್ ಎದೆಗೆ, ಒಂದು ಬೆನ್ನಿಗೆ ಹಚ್ಚಿ ಎದೆಯ ಮೂಲಕ ಹಾಯಿಸುವುದೂ ಬೇಡ.

ಹಾಗಂತ ಈ ಕರೆಂಟ್ ಹೃದಯಕ್ಕೆ ಶತ್ರು ಅಂತಲ್ಲ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ 1980ರ ದಶಕದಲ್ಲೇ, ಔಷಧಿಗೂ ಬಗ್ಗದ ಎದೆನೋವಿನವರಿಗೆ ವೈದ್ಯರು ಟೆನ್ಸ್ ಕೊಟ್ಟು ನೋಡಿದ್ದರು. ಹೃದಯ ಜೋರಾಗಿ ಬಡಿಯುವಾಗ ಅವರು ಮೊದಲಿಗಿಂತ ಹೆಚ್ಚು ತಾಳಿಕೊಂಡರು. ಅಮೆರಿಕದ ಒಕ್ಲಹಾಮದಲ್ಲಿ, ನಾಡಿ ತಾಳ ತಪ್ಪುವ 53 ಜನರ ಕಿವಿಗೆ ದಿನಕ್ಕೊಂದು ಗಂಟೆಯಂತೆ ಆರು ತಿಂಗಳು ಕರೆಂಟ್ ಕೊಟ್ಟರು. ಕಿವಿ ತೂತಿನ ಮುಂದಿನ ಮೃದು ಎಲುಬಿಗೆ, ಹೃದಯದ ವೇಗ ತಗ್ಗಿಸುವ ವೇಗಸ್ ನರದ ಕವಲು ಬರುತ್ತದೆ, ಅಲ್ಲಿಗೆ ಅರ್ಧ ಜನಕ್ಕೆ. ಉಳಿದವರಿಗೆ ಆ ನರ ಇಲ್ಲದ ಕಿವಿಯ ಹಾಲೆಗೆ. 2020ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲಿನವರಿಗೆ ತಾಳ ತಪ್ಪುವುದು ಬಹಳ ಕಡಿಮೆಯಾಗಿತ್ತು. ನಾನು ಮಷಿನ್ ಆಫ್ ಇಟ್ಟು ಕೂತಿದ್ದಕ್ಕೂ ಅವರ ಹಾಲೆಗೆ ಕರೆಂಟ್ ಕೊಟ್ಟಿದ್ದಕ್ಕೂ ಉದ್ದೇಶ ಒಂದೇ ಅಲ್ವಾ? ಆದರೆ ಅದೆಲ್ಲ ವೈದ್ಯರ ಉಸ್ತುವಾರಿಯಲ್ಲಿ ನಡೆದಿದ್ದು. ಅವರನ್ನು ಕೇಳದೆ ನಾವಾಗಿಯೇ ಮಾಡಿಕೊಳ್ಳುವ ಕೆಲಸವಲ್ಲ.

ಕೊನೆಗೆ ನಾನು ಉಳಿಸಿಕೊಂಡಿದ್ದು ಟೆನ್ಸ್, ಅದೂ ಬೇಗದ್ದು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಹೆಗಲ ಹಿಂದೆ ಮಾತ್ರ. ನೋವು ತೀರಾ ಜಾಸ್ತಿಯಾದ ವಾರ ಐಎಫ್‌ಟಿಗೆ ಹೋಗುತ್ತೇನೆ.

ನಾನು ಹಚ್ಚಿಕೊಳ್ಳುವುದನ್ನು ದಿನಾ ನೋಡಿ ಅತ್ತೆ ಒಮ್ಮೆ, "ನನಗೂ ಒಂದೀಟು ಹಚ್ಚವ್ವಾ, ಮೊಣಕಾಲು ಭಾಳ ನೋಯ್ತೈತಿ" ಅಂದರು. ಕೇಳಿದಾಗ ಕರುಳು ಚುರ್ ಅಂದಿತು. ಪೇಸ್‌ಮೇಕರ್ ಹೃದಯದ ಸಣ್ಣ ಮಿಡಿತವನ್ನು ಕೇಳಿಸಿಕೊಂಡು, ಅದು ತಪ್ಪಿದಾಗ ತಾನು ಮಿಡಿಸುತ್ತದೆ. ಟೆನ್ಸಿನ ಮಿಡಿತವನ್ನೇ ಹೃದಯದ ಮಿಡಿತ ಅಂದುಕೊಂಡು ಅದು ಸುಮ್ಮನಾಗಿಬಿಟ್ಟರೆ? ಮುಂದಿನ ತಪಾಸಣೆಗೆ ಹೋದಾಗ ಅವರ ಹೃದಯದ ಡಾಕ್ಟರನ್ನೇ ಕೇಳಿದೆವು. ಬೇಡ ಅಂದರು. ಈಗ ರಾತ್ರಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಮೊಣಕಾಲಿಗೆ ಶಾಖ ಕೊಡುತ್ತೇನೆ. ಅವರು ಮಲಗಿದ ಮೇಲೆ ಮಷಿನ್ ತೆಗೆದುಕೊಂಡು ಒಳಕೋಣೆಗೆ ಹೋಗುತ್ತೇನೆ. ಮುಗಿದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇನೆ.