ಸಂಘದ ಹೊಸ ವೆಬ್‌ಸೈಟ್: ಎರಡು ವರ್ಷ ಬಳಸಿದ ಸದಸ್ಯನೊಬ್ಬನ ಅನುಭವ

ಬೆಳಿಗ್ಗೆ ಶಟರ್ ಎತ್ತಿ ಲೈಟ್ ಹಾಕಿದ ಮೇಲೆ ನಾನು ಮಾಡುವ ಮೊದಲ ಕೆಲಸ, ಫೋನ್ ತೆಗೆದು ನಮ್ಮ ವ್ಯಾಪಾರಿಗಳ ಸಂಘದ ವೆಬ್‌ಸೈಟ್‌ನಲ್ಲಿ ನನ್ನ ಪುಟಕ್ಕೆ ಹೋಗಿ ‘ಇವತ್ತು ತೆರೆದಿದೆ’ ಗುಂಡಿ ಒತ್ತುವುದು. ಬೂದು ಬಣ್ಣ ಹಸಿರಾಗುತ್ತದೆ. ಎಣ್ಣೆ ಡಬ್ಬಿ, ಸ್ಕ್ರೂಡ್ರೈವರ್ ಎಲ್ಲ ಆಮೇಲೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ಹಾಸಿಗೆಯ ಪಕ್ಕ ಕೂತೇ ‘ಮುಚ್ಚಿದೆ’ ಅಂತ ಹಾಕುತ್ತೇನೆ. ನನ್ನದು ಹೊಲಿಗೆ ಮಷೀನು ರಿಪೇರಿ. ಹಳೆಯ ಕಬ್ಬಿಣದ ಮಷೀನಿನ ತಲೆಭಾಗವನ್ನು ಹೊತ್ತು ತಂದು, ಬೀಗ ನೋಡಿ, ಬಾಗಿಲಲ್ಲೇ ನಿಂತು ಫೋನ್ ಮಾಡುತ್ತಿದ್ದವರ ದನಿ ನನಗೆ ಇನ್ನೂ ನೆನಪಿದೆ. ಈ ಒಂದು ಗುಂಡಿಯಿಂದ ಅಂಥ ಫೋನ್ ಬರುವುದು ಹೆಚ್ಚುಕಡಿಮೆ ನಿಂತೇಹೋಗಿದೆ.

ಹಳೆಯ ಸೈಟ್ ಹೇಗಿತ್ತು ಅಂತ ಸದಸ್ಯರಿಗೆಲ್ಲ ಗೊತ್ತು. ಮೇಲೆ ಸನ್ಮಾನದ ಫೋಟೋಗಳು ಒಂದಾದ ಮೇಲೊಂದು ಸರಿಯುತ್ತಿದ್ದವು, ಕೆಳಗೆ ಅಧ್ಯಕ್ಷರ ಸಂದೇಶ, ಎಲ್ಲೋ ಮೂಲೆಯಲ್ಲಿ ಸದಸ್ಯರ ಪಟ್ಟಿಯ ಪಿಡಿಎಫ್. ಅದರಲ್ಲಿ ನನ್ನ ಫೋನ್ ನಂಬರಿನ ಒಂದು ಅಂಕಿ ತಪ್ಪಿತ್ತು. ಮುಂದಿನ ಪಟ್ಟಿ ಬರುವವರೆಗೂ ಅದು ತಪ್ಪಾಗಿಯೇ ಉಳಿಯಿತು.

ಹೊಸದನ್ನು ಕಟ್ಟುವ ಮೊದಲು ವಿನ್ಯಾಸ ಮಾಡುವವರು ನನ್ನ ಅಂಗಡಿಗೆ ಬಂದು ಅರ್ಧ ದಿನ ಕೂತಿದ್ದರು. ಏನೂ ಕೇಳಲಿಲ್ಲ. ಫೋನ್ ಬಂದಾಗಲೆಲ್ಲ ಗಿರಾಕಿ ಏನು ಹೇಳಿದರು ಅನ್ನುವುದನ್ನು ಬರೆದುಕೊಂಡರು, ಅಷ್ಟೆ. ‘ಹೊಲಿಗೆ ಯಂತ್ರ ದುರಸ್ತಿ ಸೇವೆ ಬೇಕಿತ್ತು’ ಅಂತ ಆ ದಿನ ಒಬ್ಬರೂ ಹೇಳಲಿಲ್ಲ. ‘ದಾರ ಪದೇ ಪದೇ ತುಂಡಾಗ್ತಿದೆ’, ‘ಹೊಲಿಗೆ ಬಿಟ್ಟುಬಿಟ್ಟು ಬೀಳ್ತಿದೆ’, ‘ಬಟ್ಟೆ ಅಡಿಗೆ ದಾರ ಗಂಟು ಕಟ್ಕೊಳ್ತಿದೆ’ ಅಂದರು. ಹೊಸ ಸೈಟ್‌ನಲ್ಲಿ ಪ್ರತಿ ಸದಸ್ಯನ ಪುಟದಲ್ಲೂ ‘ಗಿರಾಕಿಗಳು ನಿಮ್ಮ ಹತ್ತಿರ ಏನಂತ ಕೇಳಿಕೊಂಡು ಬರುತ್ತಾರೆ?’ ಅನ್ನುವ ಒಂದು ಖಾನೆ ಇದೆ. ಅಲ್ಲಿ ಬರೆದ ಮಾತುಗಳೆಲ್ಲ ಹುಡುಕಾಟಕ್ಕೆ ಸಿಗುತ್ತವೆ. ಮಷೀನು, ಮಿಷನ್ನು, ಮೆಷಿನ್, ಯಾರು ಹೇಗೆ ಟೈಪ್ ಮಾಡಿದರೂ ನನ್ನ ಪುಟ ಬರುತ್ತದೆ.

ಬಟ್ಟೆಯ ಅಡಿಗೆ ಗಂಟು ಕಟ್ಟಿದರೆ ಎಲ್ಲರೂ ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿದ ಉರುಳೆ, ಹಾಳಾಗಿದೆ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಮೇಲಿನ ದಾರ ಪೋಣಿಸಿದ್ದರಲ್ಲಿ, ಇಲ್ಲ ಮೇಲಿನ ಟೆನ್ಶನ್‌ನಲ್ಲಿ, ಅಂದರೆ ಆ ದಾರದ ಬಿಗಿಯಲ್ಲಿ. ಹಳೆಯ ಸೈಟ್‌ನಲ್ಲಿ ನಮ್ಮನ್ನು ಯಾರೂ ಹುಡುಕುತ್ತಿರಲಿಲ್ಲ ಅಂತ ನಾವು ಗಿರಾಕಿಗಳನ್ನೇ ದೂರುತ್ತಿದ್ದೆವು. ದೋಷ ಇದ್ದದ್ದು ಮೇಲೆ, ಕಮಿಟಿ ಕೂತು ಇಟ್ಟ ‘ದುರಸ್ತಿ ಸೇವೆ’ಯಂಥ ವಿಭಾಗದ ಹೆಸರುಗಳಲ್ಲಿ.

ತಿಂಗಳಿಗೊಮ್ಮೆ ಇನ್ನೊಂದು ಪಟ್ಟಿ ಬರುತ್ತದೆ: ಜನ ಹುಡುಕಿ ಏನೂ ಸಿಗದ ಮಾತುಗಳು. ನನಗೆ ಸೈಟ್‌ನಲ್ಲಿ ಅತಿ ಇಷ್ಟವಾದದ್ದು ಇದೇ. ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದುತ್ತೇನೆ. ‘ಕಾಲಲ್ಲಿ ತುಳಿಯೋ ಮಷೀನಿಗೆ ಮೋಟರ್ ಹಾಕೋರು’ ಅಂತ ಒಂದು ಸಲ ಇತ್ತು. ಆ ಕೆಲಸ ನಾನು ವರ್ಷಗಳಿಂದ ಮಾಡುತ್ತಿದ್ದೇನೆ, ಪುಟದಲ್ಲಿ ಬರೆದಿರಲಿಲ್ಲ. ಬರೆದೆ. ಈಗ ವಾರಕ್ಕೊಂದಾದರೂ ಅದೇ ಕೆಲಸ ಬರುತ್ತದೆ.

ಗುಂಡಿಗಳು ದೊಡ್ಡದಾಗಿರುವುದನ್ನೂ ಹೇಳಲೇಬೇಕು. 2023ರಲ್ಲಿ ಬಂದ ವೆಬ್ ಸುಲಭಬಳಕೆಯ ಮಾರ್ಗಸೂಚಿಯಲ್ಲಿ, ಅಂದರೆ ಡಬ್ಲ್ಯುಸಿಎಜಿ 2.2ರಲ್ಲಿ, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕು ಅಂತಿದೆ. ಇನ್ನೂ ಬಿಗಿಯಾದ ಹಂತದಲ್ಲಿ 44. ಇವರು 44 ಇಟ್ಟರು. ಬೆರಳಿಗೆ ಎಣ್ಣೆ ಹತ್ತಿದ್ದಾಗಲೂ ಒಂದೇ ಸಲಕ್ಕೆ ಒತ್ತಬಹುದು.

ಮೊದಲ ವರ್ಷದ ಕೊನೆಗೆ ಬರೆದಿದ್ದರೆ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು, ಐದಕ್ಕೆ ಐದು ಕೊಡುತ್ತಿದ್ದೆ.

ಸರ್ವಿಸ್ ಮಾಡಿದ ಪ್ರತಿ ಮಷೀನಿಗೂ ನಾನೊಂದು ಸಣ್ಣ ಸ್ಟಿಕರ್ ಅಂಟಿಸುತ್ತೇನೆ. ತಲೆಭಾಗ ಹಿಂದಕ್ಕೆ ಮಗುಚಿ ಎಣ್ಣೆ ಬಿಡುವಾಗ ಕಣ್ಣಿಗೆ ಬೀಳುವ ಹಾಗೆ, ಒಳಮೈಯಲ್ಲಿ. ಅದರ ಮೇಲೆ ಸಂಘದ ಸೈಟ್‌ನ ನನ್ನ ಪುಟಕ್ಕೆ ಹೋಗುವ ಕ್ಯೂಆರ್ ಕೋಡ್. ಮೊದಲ ವರ್ಷದಲ್ಲೇ ಆರುನೂರರ ಹತ್ತಿರ ಅಂಟಿಸಿದ್ದೆ. ಸ್ವಂತ ವೆಬ್‌ಸೈಟ್ ಇಟ್ಟುಕೊಳ್ಳುವಷ್ಟು ವರಮಾನ ನನ್ನ ಅಂಗಡಿಗಿಲ್ಲ, ಹಾಗಾಗಿ ನನ್ನ ವಿಳಾಸ ಅಂದರೆ ಆ ಪುಟವೇ.

ಎರಡನೇ ವರ್ಷದ ಶುರುವಿನಲ್ಲಿ ಒಂದು ಮಧ್ಯಾಹ್ನ ಹಳೇ ಗಿರಾಕಿಯೊಬ್ಬರು, ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಯಾರ ಹತ್ತಿರವೋ ನಂಬರ್ ತಗೊಂಡು ಫೋನ್ ಮಾಡಿದರು. “ಅಣ್ಣ, ಅಂಗಡಿ ಮುಚ್ಚಿಬಿಟ್ರಾ?” ಅಂದರು. ಇಲ್ಲಮ್ಮ, ಅಂಗಡಿಯಲ್ಲೇ ಇದೀನಲ್ಲ ಅಂದೆ. “ಸ್ಕ್ಯಾನ್ ಮಾಡಿದ್ರೆ ‘ಪುಟ ಸಿಗಲಿಲ್ಲ’ ಅಂತ ಬಂತು. ಮುಚ್ಚಿರ್ತೀರಾ ಅಂದ್ಕೊಂಡು ಬೇರೆಯವರ ಹತ್ರ ಕೊಟ್ಟೆ.”

ಆಗಿದ್ದಿಷ್ಟು. ಸೈಟ್ ನೋಡಿಕೊಳ್ಳುವವರು ಬದಲಾಗಿದ್ದರು. ಹೊಸಬರು, ಸದಸ್ಯ ಸಂಖ್ಯೆ ಇದ್ದ ವಿಳಾಸಗಳನ್ನು ತೆಗೆದು ಅಂಗಡಿ ಹೆಸರಿನ ವಿಳಾಸ ಮಾಡಿದ್ದರು. ನೋಡುವುದಕ್ಕೆ ಚೆಂದ, ಒಪ್ಪುತ್ತೇನೆ. ಆದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ, ಕಂಪ್ಯೂಟರಿನವರು 301 ಅನ್ನುತ್ತಾರೆ, ಅದನ್ನು ಮಾಡಿರಲಿಲ್ಲ. ನಮಗೂ ಒಂದು ಮಾತು ತಿಳಿಸಿರಲಿಲ್ಲ. ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನ ಬದಲಾಯಿಸುತ್ತಾರೆ ಅಂತ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಪರದೆಯ ಮೇಲಿನದ್ದನ್ನು ಕ್ಷಣದಲ್ಲಿ ತಿದ್ದಬಹುದು. ಆರುನೂರು ಮನೆಗಳ ಮಷೀನಿನ ಹೊಟ್ಟೆಯಲ್ಲಿ ಅಂಟಿರುವುದನ್ನು ಯಾರು ತಿದ್ದಬೇಕು?

ಸಂಘದ ಕಚೇರಿಗೆ ಮೂರು ಸಲ ಹೋದೆ. ‘ಹುಡುಕಿದ್ರೆ ಸಿಗುತ್ತಲ್ಲ ಸಾರ್’ ಅಂದರು. ಹೊಸ ಗಿರಾಕಿ ಹುಡುಕುತ್ತಾನೆ, ನಿಜ. ಹಳೇ ಗಿರಾಕಿ ಯಾಕೆ ಹುಡುಕಬೇಕು? ಅವರ ಕೈಗೆ ನಾನಾಗಲೇ ವಿಳಾಸ ಕೊಟ್ಟಾಗಿದೆ. ಸದಸ್ಯರಿಗಾಗಿ ಅಂತ ಕಟ್ಟಿದ ಸೈಟ್‌ನಲ್ಲಿ ಸದಸ್ಯನ ಪುಟವನ್ನು ಅವನನ್ನು ಕೇಳದೆ ಎತ್ತಿಟ್ಟದ್ದು ನನಗೆ ತುಂಬ ನೋವಾಯಿತು. ಆ ತಿಂಗಳುಗಳಲ್ಲಿ ಎಷ್ಟು ಜನ ನನ್ನ ಅಂಗಡಿ ಮುಚ್ಚಿದೆ ಅಂದುಕೊಂಡರೋ, ಅದನ್ನು ತಿಳಿಯುವ ದಾರಿಯೇ ಇಲ್ಲ.

ಐದು ತಿಂಗಳಾದ ಮೇಲೆ ಸರಿ ಮಾಡಿದರು, ಅದೂ ದೂರು ಕೊಟ್ಟವರದ್ದು ಮಾತ್ರ. ನನ್ನ ಪಕ್ಕದ ಫೋಟೋ ಫ್ರೇಮ್ ಹಾಕುವವರ ಬಿಲ್ ಬುಕ್ಕಿನ ಕೋಡ್ ಇವತ್ತಿಗೂ ಖಾಲಿ ಪುಟಕ್ಕೇ ಹೋಗುತ್ತದೆ. ಸದಸ್ಯರೆಲ್ಲ ನಿಮ್ಮ ಹಳೆಯ ಬಿಲ್ಲು, ಬೋರ್ಡು, ಕಾರ್ಡಿನ ಕೋಡನ್ನು ಇವತ್ತೇ ಒಂದು ಸಲ ಸ್ಕ್ಯಾನ್ ಮಾಡಿ ನೋಡಿ. ಸತ್ತಿದ್ದರೆ ಬರೆದು ಕೊಡಿ, ಬಾಯಿಮಾತಿಗೆ ಕೆಲಸ ಆಗುವುದಿಲ್ಲ.

ಈ ವರ್ಷದ ಸದಸ್ಯತ್ವ ಶುಲ್ಕ ಕಟ್ಟಿದ್ದೇನೆ. ಆ ಹುಡುಕಾಟ, ಆ ತಿಂಗಳ ಪಟ್ಟಿ, ಬೆಳಗಿನ ಆ ಹಸಿರು ಗುಂಡಿ ಬಿಟ್ಟು ಈ ಕೆಲಸ ಮಾಡುವುದು ನನಗೆ ಈಗ ಕಷ್ಟ. ಐದರಲ್ಲಿ ಮೂರೂವರೆ.

ಹೋದ ವಾರ ಒಂದು ಮಷೀನು ಬಂತು, ಮೊದಲ ವರ್ಷ ಸರ್ವಿಸ್ ಮಾಡಿದ್ದು. ಸ್ಟಿಕರ್ ಎಣ್ಣೆ ಕುಡಿದು ಹಳದಿಯಾಗಿತ್ತು, ಅಂಚು ಸ್ವಲ್ಪ ಹರಿದಿತ್ತು. ಕ್ಯೂಆರ್ ಕೋಡ್ ಒಂದಿಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಫೋನ್ ಹಿಡಿದೆ, ಒಂದು ಕ್ಷಣ ತಡೆದು ನನ್ನ ಪುಟ ತೆರೆಯಿತು, ಮೇಲೆ ಹಸಿರು. ಅದನ್ನು ಕಿತ್ತು ಹೊಸದು ಅಂಟಿಸಿದೆ. ಹೊಸದರಲ್ಲಿ ಕೋಡ್ ಕೆಳಗೆ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.