ನಲ್ಲಿ ಏರೇಟರ್: ಎಲ್ಲಿ ಸರಿ, ಎಲ್ಲಿ ವ್ಯರ್ಥ
2024ರ ಮಾರ್ಚ್‌ನಲ್ಲಿ, ಕೊಳವೆಬಾವಿಗಳು ಬತ್ತುತ್ತಿದ್ದಾಗ, ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿದ ಪುಟ್ಟ ಸಾಮಾನು ಇದು: ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಜಾಲರಿ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಯುವ ವಾಷ್‌ಬೇಸಿನ್ ನಲ್ಲಿಗೆ ನಿಮಿಷಕ್ಕೆ 3 ಲೀಟರ್ ಬಿಡುವ ಏರೇಟರ್ ಧಾರಾಳ ಸಾಕು. ಪಾತ್ರೆ ತೊಳೆಯುವ ಸಿಂಕಿಗೆ 5–6 ಲೀಟರಿನದೇ ಬೇಕು, ಇಲ್ಲದಿದ್ದರೆ ಜಿಡ್ಡು ಬಿಡದು. ಬಕೆಟ್ ತುಂಬುವ ನಲ್ಲಿಗೆ ಹಾಕುವುದು ವ್ಯರ್ಥ: ನೀರು ಅಷ್ಟೇ, ಕಾಯುವುದು ಹೆಚ್ಚು.

ಕೊಳ್ಳುವ ಮುನ್ನ ಥ್ರೆಡ್ (ತಿರುಪಿನ ಸುತ್ತು) ನೋಡಿ. ನಲ್ಲಿಯ ಬಾಯಿಯ ಒಳಗಿದ್ದರೆ ಸಾಮಾನ್ಯವಾಗಿ 24 ಮಿ.ಮೀ., ಹೊರಗಿದ್ದರೆ 22. ವಾಷರ್ ಮರೆತರೆ ಅಂಚಿನಲ್ಲಿ ಸೋರುತ್ತದೆ.

ನಿಜವಾದ ತಲೆನೋವು ಗಡಸು ನೀರು. ಜಾಲರಿಯಲ್ಲಿ ಸುಣ್ಣ ಕಟ್ಟಿ ಧಾರೆ ಓರೆಯಾಗಿ ಚಿಮ್ಮುತ್ತದೆ; ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತೇ ಅಡಿ ಮೇಲಿದ್ದರೆ ಒತ್ತಡ ಸುಮಾರು 0.3 ಬಾರ್, ಅಂದರೆ ತೀರಾ ಕಡಿಮೆ. ಅಂಥ ಮೇಲ್ಮಹಡಿಯ ಮನೆಯಲ್ಲಿ 3 ಲೀಟರಿನದು ಹಾಕಿ ಬೈದುಕೊಳ್ಳಬೇಡಿ.