ಜೀತದಿಂದ ಬಿಡಿಸುವ ಸರ್ಕಾರಿ ಸೇವೆ ಹೇಗಿದೆ? ಬಿಡುಗಡೆ ಪತ್ರದಿಂದ ಪುನರ್ವಸತಿಯವರೆಗೆ

ಕೇಂದ್ರ ಸರ್ಕಾರದ ಜೀತ ಕಾರ್ಮಿಕರ ಪುನರ್ವಸತಿ ಯೋಜನೆಗೆ ಐದಕ್ಕೆ ಅಂಕ ಕೊಡುವುದಾದರೆ, ಕಾಗದದ ಮೇಲಿರುವುದಕ್ಕೆ ನಾಲ್ಕು, ಕೈಗೆ ಸಿಗುವುದಕ್ಕೆ ಎರಡು. ನಡುವೆ ಕಳೆದುಹೋಗುವ ಆ ಎರಡು ಅಂಕ ಬಹುಮಟ್ಟಿಗೆ ಒಂದೇ ಹಾಳೆಯ ಮೇಲೆ ನಿಂತಿದೆ. ಅದು ಜೀತದಿಂದ ಬಿಡುಗಡೆಯಾಗಿದ್ದಾರೆ ಎಂದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಶುಂಠಿ ಹೊಲಗಳಲ್ಲಿ ಸಿಕ್ಕಿಬಿದ್ದವರ ಪರವಾಗಿ ಕಚೇರಿ ಹತ್ತುವವರು ಮೊದಲು ಈ ಹಾಳೆಯನ್ನು ಅರ್ಥ ಮಾಡಿಕೊಂಡಿರಬೇಕು.

ಮೊದಲು ಕೊಡುಗೆ ಏನೆಂದು ನೋಡೋಣ. 2016ರ ಯೋಜನೆಯಲ್ಲಿ ಬಿಡುಗಡೆಯಾದ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ. ವೇಶ್ಯಾವಾಟಿಕೆ, ಮಾನವ ಕಳ್ಳಸಾಗಣೆಯಂಥ ಘೋರ ಶೋಷಣೆಯಿಂದ ಹೊರಬಂದ ಹೆಂಗಸರು ಮತ್ತು ಮಕ್ಕಳು, ಲಿಂಗತ್ವ ಅಲ್ಪಸಂಖ್ಯಾತರು, ಅಂಗವಿಕಲರಿಗೆ 3 ಲಕ್ಷ. ಈ 3 ಲಕ್ಷದಲ್ಲಿ ಕನಿಷ್ಠ 2 ಲಕ್ಷ ಮಾಸಾಶನ ಕೊಡುವ ಠೇವಣಿಗೆ ಹೋಗುತ್ತದೆ, ಉಳಿದದ್ದು ಖಾತೆಗೆ ಬರುತ್ತದೆ. 2 ಲಕ್ಷದವರಿಗೆ ಠೇವಣಿ 1.25 ಲಕ್ಷ, ಖಾತೆಗೆ 75,000. ಇದಲ್ಲದೆ ಬಿಡುಗಡೆಯಾದ ಕೂಡಲೇ ಕೊಡಬೇಕಾದ ತುರ್ತು ನೆರವು ಮೊದಲು ಗರಿಷ್ಠ 20,000 ಇತ್ತು, 2022ರ ಪರಿಷ್ಕರಣೆಯ ನಂತರ 30,000 ಆಗಿದೆ. ಇದಕ್ಕಾಗಿ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷದ ನಿಧಿ ಇಟ್ಟಿರಬೇಕು. ಹಾಗಾಗಿ "ಬೆಂಗಳೂರಿಂದ, ದೆಹಲಿಯಿಂದ ಹಣ ಬರಲಿ" ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ. ತುರ್ತು ನೆರವಿನ ಹಣ ಜಿಲ್ಲೆಯಲ್ಲೇ ಇರಬೇಕಾದದ್ದು.

ಕೆಟ್ಟುಹೋಗುವುದು ಸ್ಥಳ ಪರಿಶೀಲನೆಯ ದಿನವೇ. ಅಧಿಕಾರಿಗಳು ಬೀಗ, ಬೇಲಿ, ಕಾವಲುಗಾರನನ್ನು ಹುಡುಕುತ್ತಾರೆ. ಅವು ಕಾಣದಿದ್ದರೆ "ಜೀತವೇನೂ ಇಲ್ಲ, ಕೂಲಿ ತಕರಾರು" ಎಂದು ಬರೆದು ಮಾಲೀಕನಿಂದ ಒಂದಿಷ್ಟು ಕೊಡಿಸಿ, ಲೆಕ್ಕ ಚುಕ್ತಾ ಮಾಡಿಸಿ, ಬಸ್ಸು ಹತ್ತಿಸುತ್ತಾರೆ. ಜನ ಊರು ಸೇರುತ್ತಾರೆ ನಿಜ, ಆದರೆ ಪತ್ರವಿಲ್ಲ, ಪತ್ರವಿಲ್ಲದೆ ಮುಂದಿನ ಯಾವುದೂ ಇಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬೀಗದ ಮಾತೇ ಎತ್ತುವುದಿಲ್ಲ. ಮುಂಗಡದ ಕಾರಣಕ್ಕೆ ಬೇರೆ ಕಡೆ ದುಡಿಯುವ, ಎಲ್ಲಿಗಾದರೂ ಹೋಗಿಬರುವ ಸ್ವಾತಂತ್ರ್ಯ ಹೋಗಿದ್ದರೆ ಅಥವಾ ನೆಪಮಾತ್ರದ ಕೂಲಿ ಸಿಗುತ್ತಿದ್ದರೆ, ಇವುಗಳಲ್ಲಿ ಒಂದಿದ್ದರೂ ಸಾಕು. ಸಾಲ ಜೀತದ್ದಲ್ಲ ಎಂದು ರುಜುವಾತು ಮಾಡುವ ಹೊಣೆ 15ನೇ ಸೆಕ್ಷನ್ ಪ್ರಕಾರ ಮಾಲೀಕನ ಮೇಲಿದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದೂರಿನ ಅರ್ಜಿಯಲ್ಲಿ ಈ ಮೂರನ್ನೂ ಬರೆದುಬಿಡಿ, ಸ್ಥಳದಲ್ಲಿ ವಾದ ಮಾಡುವ ಅಗತ್ಯ ಕಡಿಮೆಯಾಗುತ್ತದೆ.

ಒಡಿಶಾದ ಬಲಾಂಗೀರ್ ಕಡೆಯಿಂದ ಬೆಂಗಳೂರಿನ ಸುತ್ತಲಿನ ಗೂಡುಗಳಿಗೆ ಬರುವವರ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನುವಾಖಾಯಿ ಹಬ್ಬದ ಹೊತ್ತಿಗೆ ಸರ್ದಾರ, ಅಂದರೆ ಕೂಲಿಯಾಳುಗಳನ್ನು ಗೂಡಿಗೆ ಕರೆತರುವ ದಳ್ಳಾಳಿ, ಮುಂಗಡ ಹಂಚುತ್ತಾನೆ. ತಲೆಗಿಷ್ಟು ಅಂತಲ್ಲ, ಗಂಡ, ಹೆಂಡತಿ, ಮಗು ಸೇರಿದ ಒಂದು 'ಪಥರಿಯಾ'ಗೆ ಇಷ್ಟು ಅಂತ. ಗೂಡಿನಲ್ಲಿ ವಾರಕ್ಕೊಮ್ಮೆ 'ಖೋರಾಕಿ' ಎಂದು ಊಟದ ಖರ್ಚು ಕೊಟ್ಟು ಅದನ್ನೂ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಸಾವಿರ ಇಟ್ಟಿಗೆಗೆ ದರ ಎಷ್ಟು, ಎಷ್ಟು ಸಾವಿರವಾಯಿತು ಎಂಬುದು ಮಾಲೀಕನ ಪುಸ್ತಕದಲ್ಲಿ ಮಾತ್ರ. ಗಂಡ ಹೆಂಡತಿ ಸಂತೆಗೆ ಹೋದರೆ ಮಗು ಶೆಡ್ಡಿನಲ್ಲೇ ಉಳಿಯಬೇಕು. ಬೀಗದ ಕೆಲಸ ಮಾಡುವುದು ಆ ಮಗು.

ಆದ್ದರಿಂದ ಹೇಳಿಕೆ ಪಡೆಯುವಾಗ "ನಿಮ್ಮನ್ನು ಕೂಡಿಹಾಕಿದ್ದಾರಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುವುದು. ಮುಂಗಡ ಎಷ್ಟು, ಕೊಟ್ಟವರು ಯಾರು, ಮನೆಯವರೆಲ್ಲ ಒಟ್ಟಿಗೆ ಕೊನೆಯ ಸಲ ಹೊರಗೆ ಹೋದದ್ದು ಯಾವಾಗ, ಊರಲ್ಲಿ ಸಾವು ನೋವಾದಾಗ ಬಿಟ್ಟರೇ, ಆಧಾರ್ ಕಾರ್ಡು ಯಾರ ಹತ್ತಿರ ಇದೆ ಎಂದು ಕೇಳಿಸಿ. ಮಾಲೀಕನೂ ಸರ್ದಾರನೂ ಕಣ್ಣಳತೆಯಲ್ಲಿ ಇರಕೂಡದು. ಒಡಿಯಾ ಬಲ್ಲವರು ಬೇಕು, ಆ ದುಭಾಷಿ ಗೂಡಿನ ಮೇಸ್ತ್ರಿಯಾಗಿದ್ದರೆ ಹೇಳಿಕೆಯೇ ವ್ಯರ್ಥ. ಹೊರಡುವ ಮುನ್ನ ಪಾತ್ರೆ, ಬಟ್ಟೆ, ಮೊಬೈಲ್, ಕಾರ್ಡುಗಳನ್ನು ತೆಗೆದುಕೊಳ್ಳಲು ಸಮಯ ಕೊಡಿಸಿ. ಲೆಕ್ಕದ ಪುಸ್ತಕವನ್ನು ಪೊಲೀಸರು ಅಲ್ಲೇ ಜಪ್ತಿ ಮಾಡಬೇಕು, ಮರುದಿನ ಅದು ಇರುವುದಿಲ್ಲ.

ದೂರು ಕೊಡುವುದು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ, ಲಿಖಿತವಾಗಿ, ಸ್ವೀಕೃತಿ ಸಹಿತ. ಕಾರ್ಮಿಕ ಇಲಾಖೆಗೆ ಮಾತ್ರ ಕೊಟ್ಟರೆ ಅದು ಕನಿಷ್ಠ ಕೂಲಿಯ ಕಡತವಾಗಿಬಿಡುವ ಸಂಭವವೇ ಹೆಚ್ಚು. ಕರ್ನಾಟಕದಲ್ಲಿ ಜೀತವಿಮುಕ್ತಿಯ ಹೊಣೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. ಜೀವ ಭಯವಿದ್ದರೆ 112, ಮಕ್ಕಳಿದ್ದರೆ 1098, ವಕೀಲರು ಬೇಕಾದರೆ 15100.

ಈಗ ಪತ್ರದ ವಿಷಯ. ಕುಟುಂಬಕ್ಕೊಂದಲ್ಲ, ತಲೆಗೊಂದು ಬೇಕು. ಗಂಡನ ಹೆಸರಲ್ಲಿ ಒಂದೇ ಪತ್ರ ಬರೆದರೆ ಹೆಂಡತಿಯ 2 ಲಕ್ಷ, ಮಕ್ಕಳ 2 ಲಕ್ಷ ಎಲ್ಲವೂ ಹೋಯಿತು. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಊರು, ತಾಲ್ಲೂಕು, ಜಿಲ್ಲೆ, ಮಾಲೀಕನ ಹೆಸರು, ದುಡಿದ ಅವಧಿ, ಮುಂಗಡದ ಮೊತ್ತ, ಆ ಸಾಲ ಕಾಯ್ದೆಯ ಪ್ರಕಾರ ರದ್ದಾಗಿದೆ ಎಂಬ ಸಾಲು, ಕ್ರಮಸಂಖ್ಯೆ, ಮೊಹರು ಎಲ್ಲ ನೋಡಿಕೊಳ್ಳಿ. ಸಾಲ ರದ್ದಾದ ಆ ಸಾಲು ಮುಖ್ಯ, ಸರ್ದಾರ ಊರಿನ ಮನೆ ಬಾಗಿಲಿಗೆ ಬಂದು ನಿಂತಾಗ ತೋರಿಸಲು ಇರುವುದು ಅದೊಂದೇ. ಪತ್ರ ಕನ್ನಡದಲ್ಲಷ್ಟೇ ಇದ್ದರೆ ಬಲಾಂಗೀರಿನ ಬ್ಲಾಕ್ ಕಚೇರಿಯಲ್ಲಿ ಓದುವವರಿಲ್ಲ. ಇಂಗ್ಲಿಷ್ ಪ್ರತಿಯನ್ನೂ ಕೇಳಿ ಪಡೆಯಿರಿ, ಒಂದು ಪ್ರತಿ ತವರು ಜಿಲ್ಲೆಯ ಕಲೆಕ್ಟರ್‌ಗೆ ಹೋದದ್ದನ್ನು ಖಚಿತ ಮಾಡಿಕೊಳ್ಳಿ.

ಯೋಜನೆಯ ದೊಡ್ಡ ದೋಷ ಹಣದ ಕಂತಿನಲ್ಲಿದೆ. ಜೀತ ಮೇಲ್ನೋಟಕ್ಕೆ ಸಾಬೀತಾದರೆ ಪ್ರಸ್ತಾವ ಕಳಿಸಬಹುದು, ಆದರೆ ಪೂರ್ತಿ ಮೊತ್ತದ ಪಾವತಿಯನ್ನು ನ್ಯಾಯಾಂಗ ಪ್ರಕ್ರಿಯೆಗೆ ತಗುಲಿಹಾಕಲಾಗಿದೆ. ವಿಚಾರಣೆ ಎಳೆದಷ್ಟೂ ಹಣ ದೂರ. ಅಲ್ಲಿಯವರೆಗೆ 30,000 ರೂಪಾಯಿಯಲ್ಲಿ ಬದುಕಬೇಕಾದವನು ಮುಂದಿನ ಹಬ್ಬಕ್ಕೆ ಮತ್ತೆ ಮುಂಗಡ ತೆಗೆದುಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ? ಎಫ್‌ಐಆರ್‌ನಲ್ಲಿ ಜೀತ ಕಾಯ್ದೆಯ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ (ಮಾನವ ಕಳ್ಳಸಾಗಣೆ), ಪರಿಶಿಷ್ಟರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ಸೇರಿಸಲು ಒತ್ತಾಯಿಸಬೇಕು. ದೌರ್ಜನ್ಯ ತಡೆ ಕಾಯ್ದೆಯ ಪರಿಹಾರ ಬೇರೆಯೇ ಬರುತ್ತದೆ. ಜೀತ ಕಾಯ್ದೆಯೊಂದನ್ನೇ ನಂಬಿದರೆ ಶಿಕ್ಷೆ ಹೆಚ್ಚೆಂದರೆ 3 ವರ್ಷ, ದಂಡ 2,000. ಆ ದಂಡ ವಸೂಲಾದರೆ ದುಡಿಸಿಕೊಂಡ ದಿನಕ್ಕೆ 5 ರೂಪಾಯಿಯಂತೆ ಕೊಡಬೇಕಂತೆ! 1976ರ ದರ ಇನ್ನೂ ಅಲ್ಲೇ ಕೂತಿದೆ.

ಬ್ಯಾಂಕಿನಲ್ಲೂ ಒಂದು ಹಳ್ಳವಿದೆ. ಪೂರ್ತಿ ದಾಖಲೆ ಇಲ್ಲದೆ ತೆರೆದ 'ಸಣ್ಣ ಖಾತೆ'ಯಲ್ಲಿ ವರ್ಷದ ಜಮೆ 1 ಲಕ್ಷ ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಪುನರ್ವಸತಿ ಹಣ ಅಲ್ಲಿ ಸಿಕ್ಕಿಕೊಳ್ಳಬಹುದು. ಊರು ತಲುಪಿದ ಮೊದಲ ವಾರವೇ ಕೆವೈಸಿ ಮಾಡಿಸಿ.

ಸೇವೆಯ ಅತ್ಯಂತ ದುರ್ಬಲ ಭಾಗ ಲೈಂಗಿಕ ಶೋಷಣೆಯಿಂದ ಹೊರತಂದ ಹೆಂಗಸರಿಗೆ ಸಂಬಂಧಿಸಿದ್ದು. 3 ಲಕ್ಷದ ಸಾಲಿನಲ್ಲಿ ಅವರ ಹೆಸರಿದೆ. ಆದರೆ ದಾಳಿ ನಡೆಯುವುದು ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ, ಅಲ್ಲಿಂದ ಮಹಿಳಾ ನಿಲಯ. ಉಪವಿಭಾಗಾಧಿಕಾರಿ ಈ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ, ಬಿಡುಗಡೆ ಪತ್ರವನ್ನು ಕೇಳುವವರೂ ಇರುವುದಿಲ್ಲ. ಸಾಲ ತೀರುವವರೆಗೆ ಬಿಡುವುದಿಲ್ಲ ಎಂದು ಇರಿಸಿಕೊಂಡಿದ್ದರೆ ಅದೂ ಜೀತವೇ. ನಿಲಯದಲ್ಲಿರುವಾಗಲೇ, ಆಕೆಗೆ ಇಷ್ಟವಿದ್ದರೆ, ಉಪವಿಭಾಗಾಧಿಕಾರಿಗೆ ಪ್ರತ್ಯೇಕ ಅರ್ಜಿ ಹಾಕಿಸಿ. ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂತ್ರಸ್ತರ ಪರಿಹಾರಕ್ಕೂ ಅರ್ಜಿ ಕೊಡಬಹುದು. ಅದರಲ್ಲಿ ಮಧ್ಯಂತರ ಪರಿಹಾರಕ್ಕೆ ಅವಕಾಶವಿದೆ, ತೀರ್ಪಿಗೆ ಕಾಯಬೇಕಾಗಿಲ್ಲ.